ಬಾಯ್ತುಂಬ ಮೊಳೆ

ಆ ಸಂಶೋಧನಾಲಯದ ಬಡಗಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು ಅಂದರೆ ಕಡಿಮೆ ಹೇಳಿದ ಹಾಗೆ. ಅದು ಮೂಗಿಗಿಂತ ಒಂದು ಗೇಣು ಮುಂದೆ ನಡೆಯುತ್ತಿತ್ತು. ಆಸಾಮಿ ತಿರುವಿನಲ್ಲಿ ಕಾಣಿಸುವ ಮೊದಲೇ ದನಿ ಬಂದು ನಿಂತಿರುತ್ತಿತ್ತು. ಗೇಟಿನವನಿಂದ ದೊಡ್ಡ ಸಾಹೇಬರವರೆಗೆ ಎಲ್ಲರೂ ಬೆನ್ನ ಹಿಂದೆ ಅವನನ್ನು ಗುಡುಗು ಅಂತಲೇ ಕರೆಯುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಗುಡುಗದಿದ್ದರೆ ಈ ಕಟ್ಟಡದಲ್ಲಿ ಒಂದು ಮೊಳೆಯೂ ಕೈಗೆ ಹತ್ತುವುದಿಲ್ಲ ಅನ್ನುವುದೂ ಗೊತ್ತಿತ್ತು.

ಅವತ್ತು ಸ್ಟೋರಿನವನು ಜೇಡ ಸಾಕಿ ಸಂಶೋಧನೆ ಮಾಡುವ ಮೇಡಂ ಕೋಣೆಯ ಮೇಜಿಗೆಂದು ಹಸಿ ಹಲಗೆ ಕಳಿಸಿದ್ದ.

"ಏಯ್! ಇದು ಹಲಗೆನೋ, ಒದ್ದೆ ಚಾಪೆನೋ? ನಿನ್ನ ಮನೆ ಬಾಗಿಲು ಮಾಡಿಸ್ಕೋ ಹೋಗು ಇದ್ರಲ್ಲಿ!"

ಹೀಗೆ ಅವನು ಅಬ್ಬರಿಸಿದ್ದು ಆ ಕೋಣೆಯ ಬಾಗಿಲ ಮುಂದೆಯೇ.

ಮೇಡಂ ಸಾಕಿದ್ದು ಬಲೆ ಕಟ್ಟಿ ಕಾಯುವ ಜೇಡವಲ್ಲ. ಕಿರುಬೆರಳ ಉಗುರಿನಷ್ಟು ಗಾತ್ರ, ಎದುರಿಗೆ ಎರಡು ದೊಡ್ಡ ಕಣ್ಣು, ಬೆಕ್ಕಿನ ಹಾಗೆ ಹೊಂಚಿ ಬೇಟೆಯ ಮೇಲೆ ಜಿಗಿಯುವ ಜಾತಿ. ಹೆಣ್ಣನ್ನು ಒಲಿಸಲು ಗಂಡು ಮುಂಗಾಲೆತ್ತಿ ಕುಣಿಯುತ್ತದೆ, ಹೊಟ್ಟೆ ಅದುರಿಸಿ ನೆಲಕ್ಕೆ ತಾಳ ಹಾಕುತ್ತದೆ. ಆ ತಾಳ ನಮ್ಮ ಕಿವಿಗೆ ಕೇಳದು. ಕಸೂತಿಯ ಬಳೆಗೆ ಬಿಗಿದ ಬಟ್ಟೆಯ ಮೇಲೆ ಜೋಡಿಯನ್ನು ಬಿಟ್ಟು, ಬಟ್ಟೆಯ ನಡುಕವನ್ನು ಕೆಂಪು ಬೆಳಕಿನ ಕಿರಣದಲ್ಲಿ ಹಿಡಿದು, ಎಂಥ ತಾಳಕ್ಕೆ ಹೆಣ್ಣು ಒಪ್ಪುತ್ತದೆ ಎಂದು ಕಂಡುಹಿಡಿಯುವುದೇ ಮೇಡಂ ಕೆಲಸ.

ಹೊರಗೆ ಗುಡುಗು ಬಿದ್ದದ್ದೇ ತಡ, ಒಳಗೆ ಕುಣಿಯುತ್ತಿದ್ದ ಗಂಡು ಎತ್ತಿದ ಕಾಲು ಎತ್ತಿದಂತೆಯೇ ಕಲ್ಲಾಯಿತು. ತಾಳ ತಪ್ಪಿದ ಗಂಡು ಹೆಣ್ಣಿನ ಕಣ್ಣಿಗೆ ಗಂಡಲ್ಲ, ಊಟ. ಮೇಡಂ ಕೈ ಹಾಕುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಬನ್ನಿ ಮೇಸ್ತ್ರಿ, ನೀವು ಮಾಡಿದ್ದನ್ನ ನೀವೇ ನೋಡಿ" ಎಂದು ಮೇಡಂ ಅವನನ್ನು, ಕ್ಯಾಮೆರಾ ಸೆರೆಹಿಡಿದದ್ದನ್ನು ತೋರಿಸುವ ಪರದೆಯ ಮುಂದೆ ನಿಲ್ಲಿಸಿದರು.

"ನಾನೆಲ್ಲಿ ಮುಟ್ದೆ? ಹೊರಗಿದ್ನಲ್ಲ! ಜೇಡಕ್ಕೆ ಕಿವಿ ಎಲ್ಲಿದೆ?"

"ಕಾಲಲ್ಲಿದೆ, ಕಾಲಿನ ಕೂದಲಲ್ಲಿ. ಜೇಡ ಹಿಡ್ಕೊಂಡು ಹೋಗೋ ಕಣಜದ ರೆಕ್ಕೆ ಹೀಗೇ ದಪ್ಪ ದನೀಲಿ ಗುಂಯ್ ಅನ್ನತ್ತೆ. ಕೇಳಿದ ಕೂಡ್ಲೆ ಇವು ಅಲ್ಲಾಡಲ್ಲ."

"ಅಂದ್ರೆ ನಾನು ಕಣಜಾನಾ?"

"ಅದಕ್ಕೆ ಹಾಗೇ ಕೇಳ್ಸತ್ತೆ."

ಆ ಮಾತು ಅವನ ಮೈಗೆ ಮೆಣಸಿನಪುಡಿ ಎರಚಿದಂತಾಯಿತು. ಮನೆಗೆ ಹೋದವನೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ: "ಹುಳ ಸತ್ರೂ ನಾನೇ ಹೊಣೆ! ನಾಳೆ ಗೋಡೆ ಬಿರುಕು ಬಿಟ್ರೂ ನನ್ನ ಬಾಯೇ ಕಾರಣ ಅಂತಾರೆ!"

ಅಡುಗೆಮನೆಯಲ್ಲಿ ಮಗಳು ಮೇಲಿನ ಹಲಗೆಯಿಂದ ಲೋಟ ತೆಗೆಯುತ್ತಿದ್ದಳು. ಎತ್ತಿದ ಕೈ ಎತ್ತಿದಂತೆಯೇ ನಿಂತಿತ್ತು. ಕಣ್ಣೂ ಮಿಟುಕಲಿಲ್ಲ.

ಬಡಗಿ ಅವಳನ್ನೇ ನೋಡಿದ. ಅದೇ ನಿಲುವನ್ನು ಅವನು ಮಧ್ಯಾಹ್ನವಷ್ಟೇ ಪರದೆಯ ಮೇಲೆ ನೋಡಿದ್ದ.

"ಏನ್ರೀ ಹಾಗೆ ನೋಡ್ತೀರಿ?" ಹೆಂಡತಿ ಪಾತ್ರೆ ಕುಕ್ಕಿದಳು. "ಚಿಕ್ಕವಳಿದ್ದಾಗಿಂದ ಅವಳು ನಿಲ್ಲೋದೇ ಹಾಗೆ. ನಿಮ್ಮ ಕಣ್ಣಿಗೆ ಇವತ್ತು ಬಿತ್ತು, ಅಷ್ಟೇ. ಮೊನ್ನೆಯಿಂದ 'ಅಪ್ಪಾ, ಒಂದು ಮಾತು' ಅಂತ ಬರ್ತಾಳೆ, ನಿಮ್ಮ ಮುಖ ನೋಡಿ ವಾಪಸ್ ಹೋಗ್ತಾಳೆ. ನನ್ನ ಹತ್ರಾನೂ ಬಾಯಿ ಬಿಡ್ತಿಲ್ಲ."

ಯಾರ ಮೇಲೆ ಹರಿಹಾಯಬೇಕೋ ತಿಳಿಯದೆ ಅವನು ಮಂಚದ ಕಾಲಿಗೆ ಒದ್ದ. ತಾನೇ ಮಾಡಿದ ಮಂಚ. ಅದು ಮಿಸುಕಲಿಲ್ಲ, ಅವನ ಹೆಬ್ಬೆರಳು ಊದಿತು.

ಮರುದಿನ ಕುಂಟುತ್ತ ಹೋಗಿ, ಸದ್ದು ತಡೆಯಲೆಂದು ಜೇಡದ ಕೋಣೆಯ ಬಾಗಿಲಿನ ಒಳಮೈಗೆ ದಪ್ಪ ಬಟ್ಟೆ ಹೊಡೆಯಲು ನಿಂತ. ಎಲ್ಲ ಬಡಗಿಗಳ ಹಾಗೆ ಅವನೂ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದ. ಕೆಲಸ ಇನ್ನೂ ಅರ್ಧವಾಗಿತ್ತು, ಮೇಡಂ ಹೊಸ ಗಂಡೊಂದನ್ನು ಬಟ್ಟೆಯ ಮೇಲೆ ಬಿಟ್ಟು "ಇನ್ನು ಅಲ್ಲಾಡಬೇಡಿ" ಎಂದು ಕೈಸನ್ನೆ ಮಾಡಿದರು.

ಅಷ್ಟರಲ್ಲಿ ಬಾಗಿಲಾಚೆ ಸ್ಟೋರಿನವನು ಯಾರಿಗೋ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: "ಗುಡುಗು ಎಲ್ಲಿ? ಹುಳಕ್ಕೆ ಹೆದರಿ ಮನೇಲಿ ಕೂತ್ನಾ?"

ರಕ್ತ ತಲೆಗೇರಿತು. ಆದರೆ ಬಾಯಿ ತೆರೆದರೆ ಮೊಳೆ ಗಂಟಲಿಗೆ. ಅವನು ಕಬ್ಬಿಣದ ರುಚಿಯ ಉಗುಳು ನುಂಗಿ ನಿಂತ. ಪರದೆಯ ಮೇಲೆ ಗಂಡು ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ ಹಾಕುತ್ತ, ತಾಳ ಬಿಡದೆ ಕುಣಿಯುತ್ತ ಹತ್ತಿರ ಹತ್ತಿರ ಹೋಯಿತು. ಹೆಣ್ಣು ಜಿಗಿಯಲಿಲ್ಲ, ತಗ್ಗಿ ಕೂತಿತು. ಮೇಡಂ ಹಿಡಿದಿದ್ದ ಉಸಿರು ಬಿಟ್ಟರು.

ಸಂಜೆ ಮನೆಯಲ್ಲಿ ಅವನು ಮಗಳೆದುರು ಚಕ್ಕಳಮಕ್ಕಳ ಹಾಕಿ ಕೂತ. ಜೇಬಿನಿಂದ ಹಿಡಿ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡ. ಹೇಳು ಅನ್ನುವಂತೆ ಕೈಯಾಡಿಸಿದ.

"ಇದೇನ್ರೀ ಅವತಾರ!" ಎಂದಳು ಹೆಂಡತಿ.

ಮಗಳು ಮೊಳೆಗಳನ್ನೇ ನೋಡುತ್ತ ಬಾಯಿಬಿಟ್ಟಳು: "ನಾನು ಹೊಲಿಗೆ ಅಂಗಡಿ ಕೆಲಸಕ್ಕೆ ಹೋಗ್ತಾ ಇಲ್ಲಪ್ಪ. ದಿನಾ ಬಸ್ ನಿಲ್ದಾಣದಲ್ಲಿ ಕೂತು ಬರ್ತಿದೀನಿ. ಯಜಮಾನ ಅಳತೆ ತೋರಿಸೋ ನೆಪದಲ್ಲಿ ಮೈಗೆ ಕೈ ಹಾಕ್ದ. ದೂಡಿದ್ದಕ್ಕೆ, ನೀನೇ ಸರಿಯಿಲ್ಲ ಅಂತ ಎಲ್ಲರೆದುರು ಅಂದ. ನಿಮಗೆ ಹೇಳಿದ್ರೆ ಮೊದಲು ನನ್ನ ಮೇಲೇ ಕೂಗ್ತೀರಿ ಅಂತ..."

ಅವನ ಕತ್ತಿನ ನರ ಹಗ್ಗದಂತೆ ಉಬ್ಬಿತು. ತುಟಿಯಂಚಿನಲ್ಲಿ ರಕ್ತ ಜಿನುಗಿತು. ಎದ್ದು ಚಪ್ಪಲಿ ಮೆಟ್ಟಿ, ನಡಿ ಅನ್ನುವಂತೆ ಮಗಳಿಗೆ ಬಾಗಿಲ ಕಡೆ ಬೆರಳು ತೋರಿಸಿದ.

"ಬರ್ತೀನಿ. ಆದ್ರೆ ಮೊದಲು ನಾನು ಮಾತಾಡ್ಬೇಕು. ನೀವು ಶುರು ಮಾಡಿದ್ರೆ ನನ್ನ ಮಾತು ಯಾರಿಗೂ ಕೇಳ್ಸಲ್ಲ."

ಅವನು ತಲೆಯಾಡಿಸಿದ. ಮೊಳೆ ಬಾಯಲ್ಲೇ ಇದ್ದವು.

ಅಂಗಡಿಯಲ್ಲಿ ಮಗಳು ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು ನಡೆದದ್ದನ್ನು ನಡೆದಂತೆ ಹೇಳಿದಳು. ದನಿ ನಡುಗಿತು, ಮಾತು ನಿಲ್ಲಲಿಲ್ಲ. ಒಂದೊಂದಾಗಿ ಹೊಲಿಗೆ ಯಂತ್ರಗಳು ನಿಂತವು. ಹುಡುಗಿಯರು ತಲೆಯೆತ್ತಿದರು. ಒಬ್ಬಳು "ನನಗೂ ಹಾಗೇ ಮಾಡಿದಾನೆ" ಎಂದಳು.

ಯಜಮಾನ ಕತ್ತರಿ ಆಡಿಸುತ್ತ ನಕ್ಕ. "ಏನ್ರೀ, ಮಗಳನ್ನ ಮುಂದೆ ಬಿಟ್ಟು ಹಿಂದೆ ನಿಂತಿದೀರಿ? ಬಾಯಿ ಬಿದ್ದು ಹೋಗಿದ್ಯಾ?"

ಮಗಳು ತಿರುಗಿ ನೋಡಿದಳು. "ಅಪ್ಪಾ, ಈಗ."

ಅವನು ಮೊಳೆಗಳನ್ನು ಮೇಜಿನ ಮೇಲೆ ಉಗಿದ. ಆಮೇಲೆ ಗುಡುಗಿದ. ಬೀದಿಯ ಆಚೆ ಬದಿಯ ಅಂಗಡಿಯವರೂ ಕೆಲಸ ಬಿಟ್ಟು ಹೊರಗೆ ಬಂದರು. ಯಜಮಾನನ ಕತ್ತರಿ ಎತ್ತಿದ್ದು ಎತ್ತಿದಂತೆಯೇ ನಿಂತಿತು.

ಅಷ್ಟು ಸದ್ದಿನಲ್ಲೂ ಮಗಳು ಮಾತ್ರ ಬಗ್ಗಿ, ಬಟ್ಟೆಯ ಮೇಲೆ ಚೆಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಒರೆಸಿ ಅಪ್ಪನ ಜೇಬಿಗೆ ಹಾಕುತ್ತಿದ್ದಳು.