ಇಳಿಸಿದವರೇ ಎತ್ತಿಕೊಡಬೇಕು

ನನ್ನ ಮೊಮ್ಮಗಳ ಓದು ಕೆಡಿಸಿದ್ದು ಕೆಟ್ಟ ಮಾತಲ್ಲ. ಅದನ್ನು ಅವಳು ಎರಡು ವರ್ಷ ತಡೆದುಕೊಂಡಿದ್ದಳು. ಕೆಡಿಸಿದ್ದು ಒಳ್ಳೆಯ ಮಾತು.

ನಿನ್ನೆ ಹಳೆಯ ಗೋಣಿಚೀಲದಲ್ಲಿ ಹಸಿರು ಸೀರೆ ತುಂಡು ಸುತ್ತಿದ, ಬುಟ್ಟಿಯಡಿ ತಲೆಗಿಡುವ ಸಿಂಬೆ ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಬಂಗಡೆಯ ವಾಸನೆ... ಆ ಸೀರೆ ಮೇಡಮ್ಮನದು, ಸಿಂಬೆಗೆಂದು ಆಕೆಯೇ ಕೊಟ್ಟದ್ದು.

ಆಕೆ ಕಾರವಾರದಲ್ಲಿ ಬಾಡಿಗೆಗಿದ್ದವಳು. ಕಾಲೇಜು ಮಾಸ್ತರರಿಗೇ ಪಾಠ ಹೇಳುವ ಕೆಲಸ. ಹಿಂದಿನ ಬೆಂಚಿನವರೂ ಬಾಯಿ ಬಿಡುವಂತೆ ಕಲಿಸುವುದು ಹೇಗೆ ಎಂದು. ನಾನು ಅಮದಳ್ಳಿಯಿಂದ ಮೀನು ತೆಗೆದುಕೊಂಡು ಹೋಗುತ್ತಿದ್ದೆ. ಗೇಟಿಗೆ ಬಂದದ್ದು ಕಂಡರೆ ಓಡಿ ಬಂದು ಬುಟ್ಟಿ ಇಳಿಸಲು ಕೈ ಕೊಡುತ್ತಿದ್ದಳು. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಬುಟ್ಟಿ ಇಳಿಸಿದವರೇ ತಿರುಗಿ ತಲೆಗೆ ಎತ್ತಿಕೊಡಬೇಕು, ಇಳಿಸಿಬಿಟ್ಟು ಒಳಗೆ ಹೋಗುವ ಹಾಗಿಲ್ಲ. ಅದನ್ನೂ ಆಕೆ ಕಲಿತಿದ್ದಳು.

ಒಂದು ದಿನ ನಾನೇ ಹೇಳಿದೆ. "ನಮ್ಮ ಹುಡುಗಿ ಮನೇಲಿ ಬಾಯಿ ಮುಚ್ಚೂದಿಲ್ಲ. ಕಾಲೇಜಲ್ಲಿ ತೆಗೆಯೂದಿಲ್ಲ. ನಮ್ಮ ಮಾತಿಗೆ ನಗ್ತಾರಂತೆ."

ಮುಂದಿನ ವಾರ ಆಕೆ ಇವಳ ಕಾಲೇಜಿನ ಮಾಸ್ತರರನ್ನೇ ಕೂರಿಸಿಕೊಂಡು, ಮೀನು ಮಾರುವ ಮನೆಯ ಹುಡುಗಿಯೊಬ್ಬಳು ಹೀಗಿದ್ದಾಳೆ, ಅಂಥವರು ಮೊದಲು ಮನೆಮಾತಿನಲ್ಲೇ ಉತ್ತರ ಹೇಳಲಿ ಎಂದಳಂತೆ. ಹೆಸರು ಹೇಳಲಿಲ್ಲವಂತೆ. ಆದರೆ ತರಗತಿಯಲ್ಲಿ ಮೀನುಬುಟ್ಟಿಯ ಮನೆಯವಳು ಇವಳೊಬ್ಬಳೇ.

ಮರುದಿನದಿಂದ ಒಬ್ಬ ಮಾಸ್ತರನಿಗೆ ಅದೇ ಆಟವಾಯಿತು. "ಏಳಮ್ಮ, ನಿನ್ನ ಭಾಷೆಯಲ್ಲೇ ಹೇಳು. ಮೇಡಮ್ಮನ ಆರ್ಡರ್ ಆಗಿದೆ." ಕಾರವಾರದಲ್ಲಿ ಕೊಂಕಣಿ ಯಾರಿಗೆ ಬರುವುದಿಲ್ಲ? ತರಗತಿಯೆಲ್ಲ ನಕ್ಕದ್ದು ನಮ್ಮ ಕೇರಿಯ ಕೊಂಕಣಿಗೆ. ಹದಿನೈದು ದಿನ ಎದ್ದು ನಿಂತಳು. ಹದಿನಾರನೆಯ ದಿನ ಬಸ್ಸು ಹತ್ತಲಿಲ್ಲ.

ನಾನು ಮೇಡಮ್ಮನ ಗೇಟಿನಲ್ಲಿ ನಿಂತು ಬೈದೆ.

"ಅಜ್ಜಿ, ನಾನು ಬಂದು ಅವಳ ಹತ್ರ ಮಾತಾಡ್ತೇನೆ. ಆ ಮಾಸ್ತರರ ಹತ್ರಾನೂ," ಎಂದಳು.

"ನೀವು ಮಾತಾಡಿದ್ದೇ ಸಾಕಾಯ್ತು. ಇನ್ನು ಬಾಯಿಗೆ ಬೀಗ ಹಾಕ್ಕಣಿ."

ಬುಟ್ಟಿ ಎತ್ತಲು ಕೈ ಚಾಚಿದಳು. ಮುಟ್ಟಬೇಡಿ ಎಂದೆ. ಕಂಪೌಂಡಿನ ಮೇಲಿಟ್ಟು ನಾನೇ ತಲೆಗೇರಿಸಿಕೊಂಡೆ. ಕುತ್ತಿಗೆ ಉಳುಕಿತು.

ಆ ಮಾಸ್ತರ ಇನ್ನೂ ಅಲ್ಲೇ ಇದ್ದಾನೆ. ಅವನನ್ನು ಬೈಯಲು ನಾನು ಹೋಗಲಿಲ್ಲ. ಬೈದರೆ ನಿಂತು ಕೇಳುವವಳು ಈಕೆ, ಅದಕ್ಕೆ ಈಕೆಗೆ ಬೈದೆ.

ಆಮೇಲೆ ಎರಡು ಸಲ ಅಮದಳ್ಳಿಗೆ ಬಂದಳು. ಹುಡುಗಿ ಒಳಗೇ ಇದ್ದಳು. ಅಂಕೋಲೆಗೆ ಹೋಗಿದ್ದಾಳೆ ಎಂದು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದೆ. ಮಳೆಗಾಲ ಮುಗಿಯುವುದರೊಳಗೆ ಆಕೆ ಊರು ಬಿಟ್ಟಳೆಂದು ಕೇಳಿದೆ. ಪೀಡೆ ಹೋಯಿತು ಅಂದುಕೊಂಡೆ...

ಮೊಮ್ಮಗಳು ಈಗ ಸಿಗಡಿ ಸುಲಿಯುವ ಶೆಡ್ಡಿಗೆ ಹೋಗುತ್ತಾಳೆ. ನಿನ್ನೆ ಸಿಂಬೆ ನೋಡಿದವಳು, ಅನ್ನದ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. "ಎರಡನೇ ಸಲ ಅವ್ರು ಬಂದಾಗ ನಾ ಪುಸ್ತಕ ಚೀಲಕ್ಕೆ ತುಂಬಿಟ್ಕಂಡು ಕೂತಿದ್ದೆ. ನೀ ಬಾಗಿಲು ಬಿಟ್ಟು ಸರೀಲೇ ಇಲ್ಲ ಅಜ್ಜಿ."

 

ಇವತ್ತು ಬೆಳಿಗ್ಗೆ ಅದೇ ಸಿಂಬೆಯ ಮೇಲೆ ಬುಟ್ಟಿ ಹೊತ್ತು ಆ ಗೇಟಿಗೆ ಹೋದೆ. ಬೇರೆ ಯಾರೋ ಹೆಂಗಸು ಬಂದಳು. ಮೇಡಮ್ಮ ಎಲ್ಲಿಗೆ ಹೋದಳೆಂದು ಅವಳಿಗೆ ಗೊತ್ತಿಲ್ಲ. ಬುಟ್ಟಿ ಇಳಿಸಲು ಕೈ ಕೊಟ್ಟಳು.

"ತಿರುಗಿ ಎತ್ತಿಕೊಡೂದಾದ್ರೆ ಇಳಿಸಿ," ಎಂದೆ.