ಜೆರೂಸಲೇಮಿನ ಮಣ್ಣಿನ ಡಬ್ಬಿ

ಆ ಬೆಳಿಗ್ಗೆಯೂ ಪಕ್ಕದ ಮನೆಯ ಮಗ್ಗದ ಸದ್ದಿಗೇ ನನಗೆ ಎಚ್ಚರವಾಯಿತು. ಮೊಳಕಾಲ್ಮೂರಿನಲ್ಲಿ ಕೋಳಿಗಿಂತ ಮೊದಲು ಮಗ್ಗ ಕೂಗುತ್ತದೆ ಎಂದು ನಮ್ಮೆಜಮಾನರು ನಗುತ್ತಿದ್ದರು. ಒಲೆಯ ಬೂದಿ ತೆಗೆದು, ಮುಚ್ಚಿಟ್ಟಿದ್ದ ಕೆಂಡ ಊದಿ, ಅತ್ತೆಗೆ ಬಿಸಿನೀರು ಇಟ್ಟೆ. ಆಮೇಲೆ ಹಿತ್ತಲ ಬಾವಿಗೆ ಹೋದೆ. ನೀರು ಸೇದುತ್ತಲೇ ಜಪ ಹೇಳಿಕೊಳ್ಳುವುದು ನನ್ನ ರೂಢಿ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಮಂಡಿಯೂರಿ ಹೇಳುವುದನ್ನು ಕಲಿಸಿದ್ದರು. ಸಂಸಾರಕ್ಕೆ ಬಂದ ಮೇಲೆ ಮಂಡಿಯೂರಲು ಪುರುಸೊತ್ತೆಲ್ಲಿ? ಹಗ್ಗದ ಒಂದೊಂದು ಎಳೆತಕ್ಕೆ ಒಂದೊಂದು ಜಪ. ಅಂದು ಮಾತ್ರ ಲೆಕ್ಕ ತಪ್ಪುತ್ತಲೇ ಇತ್ತು. ಚಳ್ಳಕೆರೆಯಿಂದ ನನ್ನ ಓರಗಿತ್ತಿ ಬರುವವಳಿದ್ದಳು. ಮಣ್ಣಿನ ಡಬ್ಬಿಯನ್ನೂ ತರುವವಳಿದ್ದಳು.

ಆ ಮಣ್ಣಿನ ಕಥೆ ಇಷ್ಟೇ. ನಮ್ಮ ಭಾವ ದೊಡ್ಡ ಯುದ್ಧದ ಕಾಲದಲ್ಲಿ ಸೈನ್ಯದ ಕುದುರೆಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದು ಸಮುದ್ರ ದಾಟಿ ಹೋಗಿದ್ದರು. ಬರುವಾಗ ಜೆರೂಸಲೇಮಿನಲ್ಲಿ, ಯೇಸುಸ್ವಾಮಿಯನ್ನು ಹೂಳಿದ್ದ ಜಾಗದ ಹತ್ತಿರ, ಒಂದು ಹಿಡಿ ಮಣ್ಣು ತೆಗೆದು ಹೊಗೆಸೊಪ್ಪಿನ ತಗಡಿನ ಡಬ್ಬಿಗೆ ತುಂಬಿ ತಂದರು. ಅಷ್ಟೇ ಸಾಕಾಯಿತು. ಮನೆಬಿಟ್ಟು ಕದಲದ ಓರಗಿತ್ತಿ ತಾನೇ ಯಾತ್ರೆ ಮಾಡಿ ಬಂದವಳಂತಾದಳು. ಪೂಜೆಗೆ ಗುರುಗಳು ಬಂದಾಗ ಅವಳಿಗೆ ಮುಂದಿನ ಸಾಲು. ಜ್ವರ ಬಂದವರು, ಬಸುರಿಯರು, ನಮ್ಮ ಧರ್ಮದವರಲ್ಲದವರೂ ಬಂದು ಚಿಟಿಕೆ ಮಣ್ಣು ಇಸಿದುಕೊಂಡು ಹೋಗುತ್ತಿದ್ದರಂತೆ. ಇಬ್ಬರು ಗಂಡುಮಕ್ಕಳು ಅಂಗಳದಲ್ಲಿ ಕುಣಿಯುವ ಮನೆಗೆ ದೇವರು ಅದನ್ನೂ ಕೊಟ್ಟನಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.

ನನಗಿದ್ದದ್ದು ಒಂದೇ ಹೆಣ್ಣುಕೂಸು. ಹಲ್ಲು ಬರುವ ಮೊದಲೇ ಹೋಯಿತು. ನಮ್ಮೆಜಮಾನರು ಆಸ್ಪತ್ರೆಯ ಕಂಪೌಂಡರು. ಅವರ ಕೈಯ ಯಾವ ಔಷಧಿಯೂ ನಾಟಲಿಲ್ಲ. ಊರಾಚೆ ಬಂಡೆಯ ಬುಡದಲ್ಲಿ, ತಂಗಡಿ ಗಿಡಗಳ ನಡುವೆ ಹೂಳಿದೆವು. ತಿಂಗಳುಗಳ ಮೇಲೆ ಗುರುಗಳು ಬಂದು ಮಂತ್ರಿಸಿದ ನೀರು ಚಿಮುಕಿಸಿದರು. ಆದರೂ ನನಗೆ ಸಮಾಧಾನವಿಲ್ಲ. ಆ ಊರಿನಲ್ಲಿ ನಮ್ಮವರೆಂಬವರು ಯಾರೂ ಮಣ್ಣಾಗಿರಲಿಲ್ಲ. ಕೂಸು ಒಂಟಿ. ಅದರ ಮೇಲೆ ಯೇಸು ಮಲಗಿದ್ದ ನೆಲದ ಒಂದು ಚಿಟಿಕೆ ಮಣ್ಣು ಬಿದ್ದರೆ ಜೊತೆಯಾಗುತ್ತದೆ ಎಂಬ ಆಸೆ ಹಿಡಿದುಕೊಂಡಿತ್ತು. ಕಾನ್ವೆಂಟಿನಲ್ಲಿ ಮುದುಕಿ ಸಿಸ್ಟರೊಬ್ಬರು ಹೇಳುತ್ತಿದ್ದರು: ಆ ಸಮಾಧಿಯ ಹೆಚ್ಚುಗಾರಿಕೆಯೆಂದರೆ ಅದು ಖಾಲಿ, ಆತನನ್ನು ಹುಡುಕಲು ಅಲ್ಲಿಗೆ ಹೋಗಬೇಕಾಗಿಲ್ಲ. ಆಗ ತಲೆಯಾಡಿಸಿದ್ದೆ. ನನ್ನ ಕೂಸಿನ ಗುಂಡಿ ಖಾಲಿಯಾಗಿರಲಿಲ್ಲವಲ್ಲ.

ನೆಂಟರು ಬರುವ ಸುದ್ದಿ ಕೇಳಿ ಪಕ್ಕದ ಮನೆಯ ನೇಕಾರರ ಹೆಂಗಸು ಗೋಡೆಯಾಚೆಯಿಂದ ಇಣುಕಿದಳು. ಅವಳ ಮೇಲೂ ನನಗೆ ಒಳಗೊಳಗೇ ಅಸೂಯೆ. ಸಿದ್ದಾಪುರದ ಹತ್ತಿರದ ಬೆಟ್ಟದಲ್ಲಿ ಜಟಾಯು ಬಿದ್ದ ಜಾಗವಿದೆಯೆಂದು ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರುತ್ತಿದ್ದಳು. ಅವಳ ಅತ್ತೆ ತಂದ ಕಾಶಿ ತಂಬಿಗೆ ಬೇರೆ ದೇವರ ಗೂಡಿನಲ್ಲಿತ್ತು. ಬೀದಿಯಲ್ಲಿ ಯಾರಿಗೆ ಕೊನೆಗಾಲ ಬಂದರೂ ಅದರಿಂದಲೇ ಹನಿ ಗಂಗೆ.

"ನಿಮ್ಮ ದೇವ್ರು ಓಡಾಡಿದ್ದು ಎಲ್ಲಿ, ಕಂಪೌಂಡರಮ್ಮ?" ಎಂದಳು.

"ಸಮುದ್ರದ ಆಚೆ."

"ದೇವುಡಾ! ಅಷ್ಟು ದೂರ ಯಾಕೆ ಹೋಗಿದ್ನೋ. ನಮ್ ರಾಮ ನೋಡು, ಇಲ್ಲೇ ಬಂದು ಹೋದ."

ರಾತ್ರಿಯೆಲ್ಲ ತಳಕಿನ ದಾರಿಯಲ್ಲಿ ಬಂದ ಗಾಡಿ ಬಿಸಿಲೇರುವಷ್ಟರಲ್ಲಿ ಬಾಗಿಲಿಗೆ ನಿಂತಿತು. ಭಾವ, ಓರಗಿತ್ತಿ ಬಳ್ಳಾರಿಗೆ ಹೊರಟವರು. ಹಗಲು ನಮ್ಮಲ್ಲಿ ತಂಗಿ, ಹೊತ್ತಿಳಿದ ಮೇಲೆ ಮತ್ತೆ ಗಾಡಿ ಕಟ್ಟುವುದು. ಅವಳು ಇಳಿದು ಕಾಲು ತೊಳೆದವಳೇ ಅತ್ತೆಯ ಮುಂದೆ ಕೂತು ಮಡಿಲಿನಿಂದ ಡಬ್ಬಿ ತೆಗೆದಳು. ಮುಚ್ಚಳದ ಮೇಲಿನ ಹಡಗಿನ ಚಿತ್ರ ಅರ್ಧ ಅಳಿಸಿ, ಒಂದು ಮೂಲೆ ಒಳಕ್ಕೆ ತಗ್ಗಾಗಿತ್ತು. ಅತ್ತೆ ಎರಡೂ ಕಣ್ಣಿಗೆ ಒತ್ತಿಕೊಂಡು ಅತ್ತರು. ಗೋಡೆಯಾಚೆಯವಳೂ ಬಂದು ಕೈಯೊಡ್ಡಿದಳು.

"ನಂಗೂ ಇಷ್ಟು ಹಾಕವ್ವ. ದೇವ್ರಂದ್ರೆ ಯಾವ ದೇವ್ರಾದ್ರೇನು."

ಓರಗಿತ್ತಿ ನಗುತ್ತ ಧಾರಾಳವಾಗಿ ಹಾಕಿದಳು. ನೇಕಾರರವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ನಾನು ಬಗ್ಗಿ ನೋಡಿದೆ. ಕೆಂಪು ಮಣ್ಣು, ನಡುವೆ ಒಂದು ಒಣ ಬೇವಿನ ಕಡ್ಡಿ. ಆ ದೇಶದಲ್ಲೂ ಬೇವು ಬೆಳೆಯುತ್ತದೇನೋ ಅಂದುಕೊಂಡೆ. ಇವಳ ಅದೃಷ್ಟಕ್ಕೆ ಯೇಸುವಿನ ಊರಿನ ಬೇವೂ ಬಂದು ಸೇರಿತು ಎಂದು ಅದಕ್ಕೂ ಕರುಬಿದೆ.

"ಅಕ್ಕಾ, ನನಗೂ ಒಂದು ಚಿಟಿಕೆ," ಎಂದೆ. "ಕೂಸಿನ ಮೇಲೆ ಹಾಕಿ ಬರ್ತೀನಿ."

ಅವಳ ನಗು ನಿಂತಿತು. ಡಬ್ಬಿಯ ಮುಚ್ಚಳ ಟಪ್ಪೆಂದಿತು.

"ಈಗ ಬ್ಯಾಡ ಕಣೆ. ಆಮ್ಯಾಕೆ ನೋಡಾನ."

"ಅದ್ಯಾಕೇ? ಕೊಡು ಅವಳಿಗೂ," ಎಂದರು ಅತ್ತೆ.

"ಬ್ಯಾಡ ಅಂದ್ನಲ್ಲ ಅತ್ತೆ," ಎಂದು ಡಬ್ಬಿಯನ್ನು ಮಡಿಲಿಗೆ ಸೇರಿಸಿ ಹಿತ್ತಲಿಗೆ ಎದ್ದು ಹೋದಳು.

ಒಳಗೆ ಹೋಗಿ ಮುದ್ದೆ ತಿರುವಲು ಕೂತೆ. ಕಂಡವರಿಗೆಲ್ಲ ಕೊಟ್ಟಳು, ಶಿಲುಬೆಯ ಗುರುತು ಹಾಕಲೂ ಬಾರದವಳಿಗೆ ಕೊಟ್ಟಳು. ಒಂದೇ ಮನೆಗೆ ಸೇರಿದ ನನಗೆ ಇಲ್ಲ. ಕೊಟ್ಟರೆ ತನ್ನ ಹೆಚ್ಚಳ ಮುಕ್ಕಾಗುತ್ತದೆಂದೇ? ಬಡಿಸುವಾಗ ಅವಳಿಗೆ ತುಪ್ಪ ಹಾಕಿದೆ, ಮುಖ ನೋಡಲಿಲ್ಲ. ಅವಳೂ ನೋಡಲಿಲ್ಲ. ಅವಳ ಕಣ್ಣಿನ ಅಂಚು ಕೆಂಪಾಗಿದ್ದುದು ಕಂಡಿತು. ಗಾಡಿಯ ಧೂಳು ಅಂದುಕೊಂಡೆ. ಊಟವಾದ ಮೇಲೆ ಪಾತ್ರೆ ತೊಳೆಯಲು ಬಂದವಳನ್ನು ಬೇಡವೆಂದು ಕಳಿಸಿದೆ. ಹೊತ್ತಿಳಿಯಿತು. ಗಾಡಿ ಹತ್ತುವಾಗ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದಳು, ಏನೋ ಹೇಳಲು ಬಾಯಿ ತೆರೆದಳು. ಭಾವ ಎತ್ತಿಗೆ "ಹೋ" ಅಂದರು. ನಾನು ಕೈ ಬಿಡಿಸಿಕೊಂಡೆ.

ದೀಪ ಹಚ್ಚುವ ವೇಳೆಗೆ ನೇಕಾರರವಳು ಒಂದು ಹಿಡಿ ಉಪ್ಪು ಕೇಳಿಕೊಂಡು ಬಂದಳು. ತಡೆಯಲಾರದೆ ಕೇಳಿದೆ, "ಆ ಮಣ್ಣು ಎಲ್ಲಿಟ್ಟಿ?"

"ತುಳಸಿ ಬುಡಕ್ಕೆ ಹಾಕ್ದೆ."

"ಅಯ್ಯೋ! ನಾನು ಕೂಸಿಗೆ ಅಂತ ಕೇಳಿದ್ರೂ ಕೊಡದೆ ಹೋದ ಮಣ್ಣದು. ನಿಂಗೆ ಅದು ಗಿಡದ ಗೊಬ್ಬರವಾಯ್ತಾ?"

ಅವಳು ಉಪ್ಪನ್ನು ಸೆರಗಿಗೆ ಸುರಿದುಕೊಂಡು, ದಿನದ ಮಾತು ಆಡಿದಂತೆ ಹೇಳಿದಳು:

"ಅದಾ? ಅದು ಚಳ್ಳಕೆರೆ ಹಿತ್ತಲ ಮಣ್ಣಂತೆ ಕಣವ್ವ. ಮಧ್ಯಾಹ್ನ ಬಾವಿಕಟ್ಟೆ ಮ್ಯಾಲೆ ಕುಂತು ಅಳ್ತಿದ್ಲು ನಿನ್ ಓರಗಿತ್ತಿ. ಗಂಡ ತಂದಿದ್ದು ಯಾವಾಗ್ಲೋ ತೀರೋಯ್ತಂತೆ, ಬಂದೋರು ಬರಿಗೈಲಿ ಹೋಗಬಾರ್ದು ಅಂತ ಬೇವಿನ ಮರದ ಬುಡದ ಮಣ್ಣು ತುಂಬಿ ತುಂಬಿ ಕೊಡ್ತಾಳಂತೆ. ಯಾರಿಗಾದ್ರೂ ಕೊಟ್ಟೇನು, ಆ ಕೂಸಿನ ಮ್ಯಾಲೆ ಮಾತ್ರ ಸುಳ್ಳು ಮಣ್ಣು ಹಾಕ್ಸಲಾರೆ ಅಂದ್ಲು. ನಮ್ಮತ್ತೆ ತಂಬಿಗೆಗೂ ನಾನು ವರ್ಷಾವರ್ಷ ಬಾವಿ ನೀರು ಹುಯ್ತೀನಿ; ಒಂದು ಹನಿ ಉಳಿದಿದ್ರೂ ತಂಬಿಗೆ ನೀರೆಲ್ಲ ಗಂಗೇನೇ. ನಿಮ್ಮಲ್ಲಿ ಅಂಗಿಲ್ವೇನವ್ವ?"