ಮ್ಯಾಟ್ ತಟ್ಟುವ ಮರ್ಯಾದೆ

ಈ ವಯಸ್ಸಿನಲ್ಲಿ ನಾನು ಬೀಳುವುದನ್ನು ಕಲಿಯುತ್ತಿದ್ದೇನೆ. ನಗಬೇಡಿ, ಅದನ್ನೂ ಕಲಿಸುತ್ತಾರೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಹೆಂಗಸರ ಜೂಡೋ ಕ್ಲಾಸು ಶುರುವಾದಾಗ, ನಮ್ಮ ಹೈಸ್ಕೂಲಿನ ಹುಡುಗಿಯರನ್ನು ಸೇರಿಸಲು ಹೋದವಳು ನಾನೇ ಸೇರಿಕೊಂಡು ಬಂದೆ. ಗಣಿತದ ಟೀಚರು ದೊಪ್ಪನೆ ಬಿದ್ದು ನಗುತ್ತಾ ಏಳುವುದನ್ನು ನೋಡಲು ಮೊದಲ ವಾರ ಟೈರ್ ಅಂಗಡಿಯವರೂ ಮೆಟ್ಟಿಲು ಹತ್ತಿ ಬಂದಿದ್ದರು. ಬರಲಿ ಬಿಡಿ. ಇಷ್ಟು ಖುಷಿಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಹೆದರಿಕೆ ಇದ್ದದ್ದು ಒಂದೇ. ಹಿಂದೆ ಸ್ಕೂಟರಿನಿಂದ ಬಿದ್ದು ನನ್ನ ಬಲಭುಜದ ಕೀಲು ಜಾರಿತ್ತು. ಇನ್ನೊಮ್ಮೆ ಜಾರಿದರೆ ಜೂಡೋ ಮರೆತುಬಿಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಈ ವಿದ್ಯೆಯಲ್ಲಿ ಅರ್ಧಪಾಲು ಮರ್ಯಾದೆಯೇ. ಉಗುರು ಕತ್ತರಿಸಿರಬೇಕು, ಕಾಲು ತೊಳೆದಿರಬೇಕು, ಬಳೆ, ಕಾಲುಂಗುರ, ಹೇರ್‌ಪಿನ್ನು ಎಲ್ಲ ಬಿಚ್ಚಿಟ್ಟಿರಬೇಕು. ಎದುರಿನವಳನ್ನು ಎತ್ತಿ ಒಗೆಯುವ ಮೊದಲು ಅವಳಿಗೆ ಬಾಗಿ ನಮಸ್ಕರಿಸಬೇಕು, ಒಗೆದ ಮೇಲೆ ಇನ್ನೊಮ್ಮೆ. ನಮ್ಮ ಗರಡಿಮನೆಗಳಲ್ಲೂ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಯಾರೂ ಕುಸ್ತಿಗೆ ಇಳಿಯುವುದಿಲ್ಲವಷ್ಟೇ. ಹೊಡೆದಾಡುವವರಲ್ಲಿ ಇರುವ ಈ ಸೌಜನ್ಯ ಸ್ಟಾಫ್ ರೂಮಿಗೂ ಸ್ವಲ್ಪ ಬಂದಿದ್ದರೆ ಎಂದು ನನಗೆ ಅನಿಸಿದ್ದುಂಟು.

ಎಲ್ಲಕ್ಕಿಂತ ದೊಡ್ಡ ನಿಯಮ ತಟ್ಟುವುದು. ಪಟ್ಟು ಬಿಗಿಯಾಯಿತೆಂದರೆ ಮ್ಯಾಟನ್ನೋ ಎದುರಿನವಳ ಮೈಯನ್ನೋ ಎರಡು ಸಲ ತಟ್ಟಬೇಕು, ಅವಳು ಆ ಕ್ಷಣವೇ ಬಿಡಬೇಕು. "ಬಾಯಲ್ಲಿ ಹೇಳ್ಬೇಡಿ, ಕೈಯಲ್ಲಿ ತಟ್ಟಿ" ಎಂದು ನರಸಿಂಹರಾಜಪುರದಿಂದ ಬಂದು ಕಲಿಸುವ ಮೇಡಂ ದಿನಾ ಹೇಳುತ್ತಿದ್ದರು. ಯಾಕೆ ಎಂದು ತಿಳಿದದ್ದು ಸುಮಿತ್ರಕ್ಕ ನನಗೆ ಜೋಡಿಯಾದ ಮೇಲೆ.

ಸುಮಿತ್ರಕ್ಕ ಬಸರೀಕಟ್ಟೆಯವರು. ಶೃಂಗೇರಿಯಿಂದ ಕೊಪ್ಪದವರೆಗೆ ಯಾರ ಮನೆಯ ಮದುವೆ ಮುಂಜಿಯಾದರೂ ಬಡಿಸುವುದಕ್ಕೆ ಅವರು ಬೇಕು. ನಮ್ಮ ಕಡೆ ಎಲೆಯ ಮುಂದೆ ಕೂತವರು "ಸಾಕು" ಎನ್ನುವುದು ಬರೀ ಉಪಚಾರ. ಅದನ್ನು ನಂಬಿ ಕೈ ಹಿಂದೆಗೆದವರಿಗೆ ಬಡಿಸಲು ಬರುವುದಿಲ್ಲ ಎಂದೇ ಲೆಕ್ಕ. ಮೊದಲ ದಿನ ಸುಮಿತ್ರಕ್ಕ ನನ್ನ ತೋಳು ಮಡಚಿ ಹಿಡಿದಾಗ ನಾನು "ಸಾಕು, ಸಾಕು" ಎಂದು ಕೂಗಿದೆ. "ಎಂತ ಸಾಕು ಟೀಚ್ರೇ, ಇನ್ನೊಂಚೂರು!" ಎಂದು ಅವರು ಬಹಳ ಪ್ರೀತಿಯಿಂದ ಇನ್ನಷ್ಟು ಬಿಗಿದರು. ಹೋಳಿಗೆಯಾಗಿದ್ದರೆ ಹೇಗೋ ತಿಂದುಬಿಡುತ್ತಿದ್ದೆ. ಮೇಡಂ ಓಡಿಬಂದು ಬಿಡಿಸಬೇಕಾಯಿತು.

ಇಷ್ಟಾದರೂ ತಟ್ಟಲು ನನಗೆ ಮನಸ್ಸು ಬರಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ಪೈಕಿ ನಾನು, ಮೀಸೆ ಇಲ್ಲದಿದ್ದರೂ. ತಟ್ಟಿದರೆ ಸೋತೆನೆಂದು ಊರಿಗೆಲ್ಲ ಡಂಗುರ ಸಾರಿದಂತೆ ಎನಿಸುತ್ತಿತ್ತು. ಹಲ್ಲು ಕಚ್ಚಿಕೊಂಡು ಮೇಡಂ ಬರುವ ತನಕ ಕಾಯುತ್ತಿದ್ದೆ.

ಕಳೆದ ಭಾನುವಾರ ಹಳದಿ ಬೆಲ್ಟಿನ ಪರೀಕ್ಷೆ. ಜೋಡಿಯಲ್ಲಿ ಗೆದ್ದವಳಿಗೆ ಮಾತ್ರ ಬೆಲ್ಟು. ಗೋಡೆಯ ಉದ್ದಕ್ಕೂ ನನ್ನದೇ ಕ್ಲಾಸಿನ ಹುಡುಗಿಯರು, ಎದುರಿಗೆ ಸುಮಿತ್ರಕ್ಕ. ಬಾಗಿ ನಮಸ್ಕರಿಸಿದೆವು. ನಂಬಿದರೆ ನಂಬಿ, ಸುಮಿತ್ರಕ್ಕನನ್ನು ಕೆಡವಿಯೂ ಬಿಟ್ಟೆ! ಹುಡುಗಿಯರು ಶಿಳ್ಳೆ ಹಾಕಿದರು. ಆ ಗಮ್ಮತ್ತಿನಲ್ಲಿ ಮೈಮರೆತದ್ದೇ ತಡ, ಬಿದ್ದಲ್ಲಿಂದಲೇ ಅವರು ನನ್ನ ಬಲತೋಳು ಹಿಡಿದು ಮಡಚಿದರು. ಭುಜದೊಳಗೆ ಏನೋ ಸರಿಯತೊಡಗಿತು. ತಟ್ಟಿದರೆ ಬೆಲ್ಟು ಹೋಗುತ್ತದೆ, ತಟ್ಟದಿದ್ದರೆ ಜೂಡೋವೇ ಹೋಗುತ್ತದೆ. "ಬಿಡ್ಬೇಡಿ ಮಿಸ್!" ಎಂದು ಹುಡುಗಿಯರ ಕೂಗು ಬೇರೆ. ಎಡಗೈ ಎತ್ತಿ ಟಪ್ ಟಪ್ ಎಂದು ತಟ್ಟಿಯೇಬಿಟ್ಟೆ.

ಎರಡನೆಯ ಟಪ್ ಮುಗಿಯುವ ಮೊದಲೇ ಸುಮಿತ್ರಕ್ಕ ಕೈ ಬಿಟ್ಟಿದ್ದರು. ಎದ್ದು ನೋಡಿದರೆ ಗೆದ್ದವರ ಮುಖ ಬಿಳಚಿಕೊಂಡಿತ್ತು.

"ಬದುಕಿಸಿದ್ರಿ ಟೀಚ್ರೇ" ಎಂದರು. "ನೀವು ತಟ್ಟೂದೇ ಇಲ್ಲ, ಎಲ್ಲಿ ಬಿಡ್ಬೇಕು ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು? ನಿಮ್ ಕೈ ಹಿಡಿಯೂದು ಅಂದ್ರೇ ನಂಗೆ ಹೆದ್ರಿಕೆ ಮಾರಾಯ್ರೆ."

ಬೆಲ್ಟು ಅವರಿಗೆ ಸಿಕ್ಕಿತು, ನನಗೆ ಭುಜ ಉಳಿಯಿತು. ತಟ್ಟುವುದು ಸೋಲುವವಳ ಪಾಡು ಎಂದು ನಾನು ತಿಳಿದಿದ್ದೆ. ಗೆಲ್ಲುತ್ತಿರುವವಳೂ ಅದನ್ನೇ ಕಾಯುತ್ತಿರುತ್ತಾಳೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬುಧವಾರ ಮತ್ತೆ ಕ್ಲಾಸು. ಯಾವಾಗ ಬರುತ್ತದೋ ಎಂದು ತುದಿಗಾಲಲ್ಲಿ ನಿಂತಿದ್ದೇನೆ. ಯಾರ ಕೈಗಾದರೂ ಸಿಕ್ಕಿ, ಧಾರಾಳವಾಗಿ ತಟ್ಟಬೇಕು.